ಇಸ್ತ್ರಿ ಹಾಕಿದ ದನಿ

ನಮ್ಮ ಅಕ್ಕನನ್ನು ಓಣಿಯವರೆಲ್ಲ ರೇಡಿಯೋ ಅಂತಲೇ ಕರೆಯುವುದು. ಬಾಯಿ ಮುಚ್ಚದವಳು ಎಂದುಕೊಳ್ಳಬೇಡಿ. ಬಾಯಿ ಮುಚ್ಚದವಳು ನಾನು. ನನಗೆ ಮಾತ್ರ ಯಾರೂ ಅಂಥ ಒಳ್ಳೆಯ ಅಡ್ಡಹೆಸರು ಇಡಲಿಲ್ಲ. ಅಕ್ಕನದು ಮಾತು ಕಡಿಮೆ. ಆದರೆ ಅಚ್ಚಾದ ಒಂದು ಹಾಳೆ ಕೈಗೆ ಸಿಕ್ಕರೆ ಅವಳು ಬೇರೆಯೇ ಆಗಿಬಿಡುತ್ತಾಳೆ. ಸಾಮಾನು ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಚೂರನ್ನು ಗಟ್ಟಿಯಾಗಿ ಓದಿದರೂ ಕೇಳುವವರು ಕೈಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಾರೆ.

ನಾವು ಕಾಲುವೆಯ ಆಚೆಯವರು. ಊರಿನ ಒಳ್ಳೆಯ ಬೀದಿಗಳೆಲ್ಲ ಕಾಲುವೆಯ ಈಚೆ, ತೊಗಲು ಹದ ಮಾಡುವ ಕಾರ್ಖಾನೆ ಮತ್ತು ಅದರ ವಾಸನೆ ಆಚೆ. ಆ ಕಾರ್ಖಾನೆಯಲ್ಲಿ ಮನೆಯೆತ್ತರದ ಮರದ ಪೀಪಾಯಿಗಳು ಹಗಲೆಲ್ಲ ಗಡಗಡ ತಿರುಗುತ್ತಿರುತ್ತವೆ. ಆ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಪ್ರತಿ ಮಾತಿನ ತುದಿಯನ್ನು ಎಳೆಯಬೇಕು, ಇಲ್ಲದಿದ್ದರೆ ಅರ್ಧ ಮಾತು ಪೀಪಾಯಿಯ ಪಾಲು. ಅಜ್ಜಿಯ ಕಾಲದಿಂದ ಎಳೆದೂ ಎಳೆದೂ ಆ ರಾಗ ನಮ್ಮ ನಾಲಿಗೆಗೇ ಅಂಟಿಕೊಂಡಿದೆ. ಮಗ್ಗುಲಲ್ಲಿ ಮಲಗಿದ ಕೂಸನ್ನು ಮಾತಾಡಿಸುವಾಗಲೂ ನಮ್ಮವರು ಎಳೆಯುತ್ತಾರೆ. ಈಚೆಯವರಿಗೆ ಅದನ್ನು ಕೇಳಿದರೆ ನಗು. ನಗುವಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಅಂಗಡಿಯಲ್ಲಿ ನಾವು ಬಾಯಿ ಬಿಟ್ಟ ತಕ್ಷಣ ಅಂಗಡಿಯವನ ಕಣ್ಣು ನಮ್ಮ ಮುಖ ಬಿಟ್ಟು ನಮ್ಮ ಕೈಗೆ ಇಳಿಯುತ್ತದೆ.

ಕೈಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಾರ್ಖಾನೆಯ ಗೇಟಿನಲ್ಲಿ ಒಂದು ಪದ್ಧತಿ ಉಂಟು. ಸಂಜೆ ಹೊರಗೆ ಬರುವಾಗ ಎರಡೂ ಕೈಗಳನ್ನು ಭುಜದೆತ್ತರಕ್ಕೆ ಎತ್ತಿ, ಬೆರಳು ಬಿಡಿಸಿ, ಕಾವಲುಗಾರನಿಗೆ ತೋರಿಸಿ ಬರಬೇಕು. ತೊಗಲಿನ ಚೂರು, ಮೊಳೆ, ದಾರದುಂಡೆ ಏನನ್ನೂ ಎತ್ತಿಕೊಂಡಿಲ್ಲ ಎಂದು ತೋರಿಸುವುದಕ್ಕೆ. ಕಚೇರಿಯ ಗುಮಾಸ್ತರಿಗೆ ಈ ಪದ್ಧತಿ ಇಲ್ಲ. ಅವರು ಚೀಲ ಹೊತ್ತು ನೆಟ್ಟಗೆ ನಡೆದುಹೋಗುತ್ತಾರೆ. ಅಮ್ಮ ಅಲ್ಲಿ ಎಷ್ಟು ಕಾಲ ದುಡಿದಳೆಂದರೆ ಈಗಲೂ ಬಟ್ಟೆ ಅಂಗಡಿಯಿಂದ ಹೊರಬರುವಾಗ ಅವಳ ಕೈ ತಾನಾಗಿಯೇ ಮೇಲೇಳುತ್ತದೆ. ನಾನು ಗದರಿ ಇಳಿಸುತ್ತೇನೆ. ಚಿಕ್ಕವರಿದ್ದಾಗ ನಾವು ಕಣ್ಣಾಮುಚ್ಚಾಲೆಯಲ್ಲಿ ಸಿಕ್ಕಿಬಿದ್ದರೂ ಹಾಗೆಯೇ ಕೈ ಎತ್ತುತ್ತಿದ್ದೆವು. ಅದೂ ಆಟದ ಒಂದು ಭಾಗ ಅಂದುಕೊಂಡಿದ್ದೆವು, ದಡ್ಡರು.

ಅಕ್ಕ ಆ ಗೇಟು ದಾಟಲು ಒಪ್ಪಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಕೂಗಿ ಹೇಳುವ ಕೆಲಸ ಖಾಲಿಯಿದೆ ಎಂದು ತಿಳಿದ ದಿನದಿಂದ ಅವಳು ತನ್ನ ನಾಲಿಗೆಯ ಹಿಂದೆ ಬಿದ್ದಳು. ಬೆಳಗ್ಗೆ ಬಾವಿಕಟ್ಟೆಯ ಹಿಂದೆ ಕೂತು ಒಂದೊಂದೇ ಮಾತು ಹೇಳುವುದು, ತುದಿ ಎಳೆಯುವ ಮೊದಲೇ ಬಾಯಿ ಮುಚ್ಚುವುದು. ನಾನು ಈಚೆ ಬೀದಿಯ ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ. ಅಕ್ಕ ಮನೆಯಲ್ಲಿ ಕೂತು ತನ್ನ ದನಿಗೇ ಇಸ್ತ್ರಿ ಹಾಕಿಕೊಂಡಳು. ಒಂದು ಸುಕ್ಕು ಉಳಿಯಲಿಲ್ಲ. ಕೆಲಸ ಸಿಕ್ಕಿತು.

ಆಮೇಲಿನ ವರ್ಷಗಳು ಅವಳ ಬಾಳಿನ ಒಳ್ಳೆಯ ಕಾಲ. ನಿಲ್ದಾಣದ ಮೂಲೆಯಲ್ಲಿ ಗಾಜಿನ ಕಿಟಕಿಗೆ ಬಣ್ಣ ಬಳಿದ ಪುಟ್ಟ ಕೋಣೆ, ಒಂದು ಮೈಕು, ಒಂದು ಕುರ್ಚಿ. ಊರಿಗೆ ಊರೇ ಅವಳ ಮಾತು ಕೇಳಿ ಎದ್ದು ಓಡುತ್ತಿತ್ತು. ಬಸ್ಸು ನಿಲ್ಲುವುದು ಎರಡನೇ ಅಂಕಣದಲ್ಲಿ ಎಂದರೆ ಎಲ್ಲರೂ ಎರಡನೇ ಅಂಕಣಕ್ಕೇ. ಆ ದನಿ ಯಾವ ಓಣಿಯದು ಎಂದು ಒಬ್ಬರೂ ಕೇಳಲಿಲ್ಲ, ಯಾಕೆಂದರೆ ಅದು ತಗಡಿನ ಕಹಳೆಯಿಂದ ಬರುತ್ತಿತ್ತು. ನನ್ನ ಲಾಂಡ್ರಿ ಮಾಲೀಕ ಒಮ್ಮೆ ಹೇಳಿದ, "ಆ ಹೆಂಗಸು ಎಂಥಾ ಮನೆತನದವಳೋ, ಮಾತಲ್ಲೇ ಗೊತ್ತಾಗುತ್ತೆ ನೋಡು." ನಾನು ನಗು ತಡೆಯಲಾರದೆ ಒಂದು ಅಂಗಿಯ ಕಾಲರು ಸುಟ್ಟೆ. ಬೈಸಿಕೊಂಡರೂ ಬೇಜಾರಾಗಲಿಲ್ಲ.

ಮುಂದೆ ನಿಲ್ದಾಣಕ್ಕೆ ಯಂತ್ರದ ದನಿ ಬಂತು. ಎಲ್ಲೋ ಧ್ವನಿಮುದ್ರಿಸಿ ತಂದ ಮಾತು, ಗುಂಡಿ ಒತ್ತಿದರೆ ಹೊರಡುತ್ತದೆ. ಅಕ್ಕನನ್ನು ಮನೆಗೆ ಕಳಿಸಿದರು. ಅವಳು ಅಳಲಿಲ್ಲ. ಮಾತು ಇನ್ನೂ ಕಡಿಮೆಯಾಯಿತು, ಅಷ್ಟೆ. ಅವಳ ಆ ಮೌನ ನೋಡಿ ನನಗೆ ಸಂಕಟವಾಗುತ್ತಿತ್ತು. ಅದಕ್ಕೇ ಲಾಂಡ್ರಿಗೆ ಬರುವ ಮನೆಗಳಲ್ಲೆಲ್ಲ ನಾನು ಕಿವಿ ತೆರೆದುಕೊಂಡೇ ತಿರುಗಿದೆ.

ಜಡ್ಜರ ಮನೆ ಸಿಕ್ಕಿದ್ದು ಹಾಗೆ. ನಿವೃತ್ತರಾದ ಮೇಲೆ ಅವರಿಗೆ ದೃಷ್ಟಿ ಹೋಗಿತ್ತು. ಅವರ ಅಂಗಿಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ನಾನೇ. ಒಂದು ದಿನ ಅವರ ಸೊಸೆ ಬಟ್ಟೆ ಎಣಿಸಿಕೊಳ್ಳುತ್ತ, "ಮಾವನಿಗೆ ಪುಸ್ತಕ ಓದಿ ಹೇಳೋರು ಯಾರಾದ್ರೂ ಇದ್ದಾರಾ? ದನಿ ಚೆನ್ನಾಗಿರಬೇಕು, ಒಳ್ಳೆ ಜನ ಆಗಿರಬೇಕು" ಅಂದಳು. ನಾನು ಉತ್ತರ ಕೊಡುವಾಗ ಸಾಧ್ಯವಾದಷ್ಟು ಎಳೆಯದೆ ಹೇಳಿದೆ, "ಇದ್ದಾರೆ. ಬಸ್ ಸ್ಟ್ಯಾಂಡಿನ ದನಿ." ಸೊಸೆಯ ಮುಖ ಅರಳಿತು. ಅವರು ನನಗೇನಾಗಬೇಕು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಕ್ಕ ಹೋದಳು. ಮನೆ ಎಲ್ಲಿ ಎಂದು ಕೇಳಿದ್ದಕ್ಕೆ "ಬಸ್ ಸ್ಟ್ಯಾಂಡ್ ಹತ್ರ" ಅಂದಳಂತೆ. ಸುಳ್ಳೇನಲ್ಲ, ಕಾಲುವೆ ಹರಿಯುವುದು ನಿಲ್ದಾಣದ ಹಿಂದೆಯೇ.

ಜಡ್ಜರು ಕೆಟ್ಟವರಲ್ಲ. ಇದನ್ನು ಹೇಳುವಾಗ ನನ್ನ ಹೊಟ್ಟೆ ಉರಿಯುತ್ತದೆ, ಆದರೆ ನಿಜ ನಿಜವೇ. ಅಕ್ಕನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಓದು ಶುರುವಾಗುವ ಮೊದಲು ಕೈಗಡಿಯಾರ ಬಿಚ್ಚಿ ಅಕ್ಕನ ಮುಂದಿನ ಮೇಜಿನ ಮೇಲೆ ಇಡುವರು. ಹಳೆಯ ಚಿನ್ನದ ಗಡಿಯಾರ, ಕೀಲಿ ಕೊಡುವಂಥದ್ದು. "ಕೀಲಿ ಕೊಡಿ, ಹೊತ್ತೆಷ್ಟಾಯ್ತು ಹೇಳಿ" ಅನ್ನುವರು. ಮಗನ ಕೈಗೂ ಕೊಡದ ಗಡಿಯಾರವಂತೆ ಅದು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಡುವ ಶ್ರವಣ ಗ್ರಂಥಾಲಯವೊಂದು ಊರಲ್ಲಿತ್ತು. ಅದರ ಸಮಿತಿಗೆ ಜಡ್ಜರೇ ಅಧ್ಯಕ್ಷರು. ಅಲ್ಲಿಗೆ ಕಾಯಂ ಓದುಗರೊಬ್ಬರು ಬೇಕಾಗಿದ್ದರು. "ನಿಮ್ಮನ್ನ ಬಿಟ್ಟು ಬೇರೆ ಯಾರನ್ನ ತಗೊಳ್ಲಿ? ಈ ಕಾದಂಬರಿ ಮುಗೀಲಿ, ಸಮಿತಿಯವರನ್ನ ಇಲ್ಲಿಗೇ ಕರೆಸ್ತೀನಿ" ಅಂದರು. ಆ ಸಂಜೆ ನಾವಿಬ್ಬರೂ ಕಾಲುವೆಯ ಸೇತುವೆ ದಾಟುವಾಗ ಅಕ್ಕ ತಾನಾಗಿ ಮಾತಾಡಿದಳು. ಮತ್ತೆ ಒಂದು ಕೋಣೆ, ಒಂದು ಮೈಕು. ಅವಳಿಗೆ ಬೇಕಾಗಿದ್ದುದು ಅದೊಂದೇ.

ಆ ಕಾದಂಬರಿ ಅಮೆರಿಕದ್ದು, ಹಳೆಯ ಕಾಲದ್ದು, ಯಾರೋ ನಮ್ಮ ಭಾಷೆಗೆ ತಂದದ್ದು. ಬಿಳಿಯರ ಮನೆಯಲ್ಲಿ ಒಬ್ಬಳು ಕರಿಯ ಅಡುಗೆಯವಳು. ಆ ಮನೆಯ ಮಕ್ಕಳನ್ನೆಲ್ಲ ಸಾಕಿ ದೊಡ್ಡವರನ್ನು ಮಾಡಿದವಳು. ಒಂದು ದಿನ ಬೆಳ್ಳಿಯ ಚಮಚಗಳು ಕಾಣುವುದಿಲ್ಲ. ಮನೆತುಂಬ ಜನರಿದ್ದರೂ ಎಲ್ಲರ ಬೆರಳೂ ಅವಳ ಕಡೆಗೇ. ವಿಷಯ ಕೋರ್ಟಿಗೆ ಹೋಗುತ್ತದೆ. ಅನುವಾದಿಸಿದ ಪುಣ್ಯಾತ್ಮರು ಎಲ್ಲರ ಬಾಯಿಗೂ ಒಂದೇ ಭಾಷೆ ತುರುಕಿದ್ದರು. ಯಜಮಾನಿಯೂ ಅಡುಗೆಯವಳೂ ಸಭೆಯಲ್ಲಿ ಭಾಷಣ ಮಾಡಿದಂತೆ ಮಾತಾಡುತ್ತಿದ್ದರು. ಅಕ್ಕನೂ ಎಲ್ಲರನ್ನೂ ಒಂದೇ ಇಸ್ತ್ರಿ ದನಿಯಲ್ಲಿ ಓದುತ್ತಿದ್ದಳು. ಜಡ್ಜರು ಕೇಳಿ ಕಣ್ಣೊರೆಸಿಕೊಳ್ಳುವರು. "ಬಣ್ಣ ನೋಡಿ ತೀರ್ಪು ಕೊಟ್ರಲ್ಲ, ಎಂಥಾ ಜನ. ನೋಡಿ, ದೃಷ್ಟಿ ಹೋದ ಮೇಲೆ ನನಗೆ ಎಲ್ರೂ ಒಂದೇ" ಅನ್ನುವರು.

ಸಂಜೆ ಅಕ್ಕ ಆ ದಿನದ ಕತೆಯನ್ನು ಅಮ್ಮನಿಗೆ ಹೇಳುತ್ತಿದ್ದಳು. ಅಮ್ಮ ಎರಡನೇ ದಿನವೇ ತೀರ್ಪು ಕೊಟ್ಟುಬಿಟ್ಟಳು, "ಅವಳು ತಗೊಂಡಿಲ್ಲಾ."

"ನಿಂಗೆ ಹೆಂಗೆ ಗೊತ್ತು?" ಅಂತ ನಾನು ರೇಗಿಸಿದೆ.

"ಚಮಚ ತಗೊಂಡವಳು ಬೆಳಗ್ಗೆ ಎದ್ದು ಮತ್ತೆ ಅದೇ ಮನೆಗೆ ಅಡುಗೆ ಮಾಡೋಕೆ ಹೋಗ್ತಾಳಾ?" ಅಂದಳು.

ಎಡವಟ್ಟಾದದ್ದು ಅಡುಗೆಯವಳು ಕಟಕಟೆಗೆ ಬಂದ ದಿನ. ಪುಸ್ತಕದಲ್ಲಿ ಅವಳು "ನಾನು ಅದನ್ನು ತೆಗೆದುಕೊಂಡಿಲ್ಲ" ಎನ್ನುತ್ತಾಳೆ. ಅಕ್ಕ ಓದಿದ್ದು, "ನಾನ್ ತಗೊಂಡಿಲ್ಲಾ." ಬೇಕೆಂದು ಮಾಡಿದ್ದಲ್ಲ. ಆ ಮಾತನ್ನು ನಾವು ಹುಟ್ಟಿದಾಗಿನಿಂದ ಅಮ್ಮನ ದನಿಯಲ್ಲೇ ಕೇಳಿದ್ದೇವೆ. ಬೇರೆ ದನಿಯಲ್ಲಿ ಹೇಳಲು ಬರುವುದಿಲ್ಲ. ಮುಂದಿನ ಸಾಲೂ ಹಾಗೆಯೇ ಬಂತು, ಅದರ ಮುಂದಿನದೂ.

ಅಕ್ಕ ಮುಗಿಯಿತು ಎಂದುಕೊಂಡು ನಿಲ್ಲಿಸಿದಳು. ಜಡ್ಜರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರಂತೆ.

"ಅರೆ, ಇದು ಕಾಲುವೆ ಆಚೆಯವರ ಮಾತಲ್ವಾ? ತದ್ರೂಪ ತೆಗೆದ್ರಿ. ಎಲ್ಲಿ ಕಲಿತ್ರಿ?"

"ಬಸ್ ಸ್ಟ್ಯಾಂಡಲ್ಲಿ... ಬರ್ತಿದ್ರಲ್ಲ, ಕೇಳಿ ಕೇಳಿ" ಅಂದಳು ಅಕ್ಕ.

"ನನ್ನ ಕೋರ್ಟಲ್ಲಿ ದಿನಾ ಇದೇ ರಾಗ" ಎಂದು ಜಡ್ಜರು ನಕ್ಕರು. "ನಾನಲ್ಲಾ, ನಂಗೊತ್ತಿಲ್ಲಾ. ಆ ಎಳೆತ ಕೇಳಿದ್ರೆ ಸಾಕು, ಸುಳ್ಳು ಅಂತ ಗೊತ್ತಾಗ್ತಿತ್ತು. ಕಣ್ಣು ಮುಚ್ಕೊಂಡು ತೀರ್ಪು ಬರೀಬಹುದಿತ್ತು." ಆಮೇಲೆ ಸೊಸೆಯನ್ನು ಕೂಗಿದರು. "ಬಾ ಇಲ್ಲಿ, ಇವರು ಹೇಗೆ ಓದ್ತಾರೆ ಕೇಳು. ಇನ್ನೊಂದ್ಸಲ ಓದಿ."

ಅಕ್ಕ ಇನ್ನೊಂದು ಸಲ ಓದಿದಳು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮರುದಿನ ಪಕ್ಕದ ಮನೆಯ ಡಾಕ್ಟರು ಬಂದು ಕೂತರು. ಅದರ ಮರುದಿನ ಯಾರೋ ನೆಂಟರು. ಎಲ್ಲರಿಗೂ ಕಟಕಟೆಯ ಅಧ್ಯಾಯವೇ ಬೇಕು. ಕತೆ ಮುಂದಕ್ಕೆ ಹೋಗುವುದನ್ನೇ ಬಿಟ್ಟಿತು.

ಇದೆಲ್ಲ ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಇಸ್ತ್ರಿ ಬಟ್ಟೆ ಕೊಡಲು ಹಿಂಬಾಗಿಲಿನಿಂದ ಹೋಗಿ ಅಡುಗೆಮನೆಯ ಓಣಿಯಲ್ಲಿ ನಿಂತಿದ್ದೆ. ಒಳಗಿನಿಂದ ಅಮ್ಮನ ದನಿ ಬಂತು. ನಿಜಕ್ಕೂ ಅಮ್ಮ ಬಂದಿದ್ದಾಳೆ, ಏನೋ ಅನಾಹುತವಾಗಿದೆ ಎಂದೇ ತಿಳಿದೆ. "ನಿಮ್ ಮಕ್ಕಳಿಗೆ ನನ್ ಕೈಯಾರೆ ತುತ್ತು ಕೊಟ್ಟಿದೀನಿ ತಾಯೀ, ನಾನ್ ತಗೊಂಡಿಲ್ಲಾ." ಓದುತ್ತಿದ್ದವಳು ಅಕ್ಕ. ಆಮೇಲೆ ನಗು. ಗಂಡಸರ ನಗು, ಹೆಂಗಸರ ನಗು, ಚಹಾದ ಕಪ್ಪು-ಬಸಿ ಅಲುಗಾಡಿದ ಸದ್ದು. ಬಟ್ಟೆಯ ಗಂಟನ್ನು ಅಲ್ಲೇ ಸ್ಟೂಲಿನ ಮೇಲೆ ಕುಕ್ಕಿ ಹೊರಟುಬಂದೆ.

ಸಂಜೆ ಸೇತುವೆಯ ಮೇಲೆ ಅಕ್ಕನಿಗಾಗಿ ಕಾದು ನಿಂತೆ.

"ಅಮ್ಮನ್ನ ಕುಣಿಸ್ತಿದೀಯಾ ಅಲ್ಲಿ?" ಅಂದೆ.

ಅವಳು ಕಂಬಿ ಹಿಡಿದು ನೀರು ನೋಡಿದಳು. "ಸಮಿತಿಯವರು ಬರೋವರ್ಗೂ ತಾನೆ? ಆಮೇಲೆ ಮೈಕಿನ ಕೋಣೆ. ಅಲ್ಲಿ ಯಾರೂ ನಗಲ್ಲ."

"ಅವರು ನಗ್ತಿರೋದು ಯಾರನ್ನ ನೋಡಿ ಅಂತ ಗೊತ್ತಾ ನಿಂಗೆ?"

"ಗೊತ್ತು" ಅಂದಳು. "ನಿನಗಿಂತ ಮೊದ್ಲೇ ಗೊತ್ತು. ಹತ್ತಿರ ಕೂತಿರೋಳು ನಾನು."

ನಾನು ಇನ್ನೂ ಏನೇನೋ ಅಂದೆ. ನನ್ನ ಬಾಯಿಗೆ ಬ್ರೇಕಿಲ್ಲ ಎಂದು ಮೊದಲೇ ಹೇಳಿದ್ದೇನೆ. ನಿನಗೆ ಮಾನ ಇಲ್ಲ ಎಂದೆ. ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳಿಗೆ ಕತೆಯದೇ ಚಿಂತೆ.

"ಆ ಅಡುಗೆಯವಳನ್ನ ಬಿಟ್ರಾ?"

"ಇಲ್ಲಮ್ಮ. ನಾಳೆ ತೀರ್ಪು. ಸಮಿತಿಯವರೂ ನಾಳೆನೇ ಬರ್ತಾರೆ."

ಪುಸ್ತಕದಲ್ಲಿ ಅಚ್ಚಾದದ್ದು ಬದಲಾಗುವುದಿಲ್ಲ ಎಂದು ಅಮ್ಮನಿಗೆ ತಿಳಿಯದೆ ಇಲ್ಲ. ಆದರೂ ಹೇಳಿದಳು, "ನಾಳೆ ಅವಳ ಮಾತು ಬಂದಾಗ ಬಸ್ ಸ್ಟ್ಯಾಂಡಲ್ಲಿ ಓದ್ತಿದ್ದೆಯಲ್ಲಾ, ಆ ದನೀಲಿ ಓದು. ಆ ದನಿ ಹೇಳಿದ್ರೆ ಊರೇ ನಂಬ್ತಿತ್ತಲ್ಲಾ. ಪಾಪ, ಅವಳ ಪರವಾಗಿ ಹೇಳೋರು ಯಾರಿದಾರೆ?"

ಅಕ್ಕ ಎದ್ದು ಮುಖ ತೊಳೆಯಲು ಹೋದಳು. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳಿತು.

ಮರುದಿನ ನಾನು ಬೇಕೆಂದೇ ಅದೇ ಹೊತ್ತಿಗೆ ಬಟ್ಟೆ ತೆಗೆದುಕೊಂಡು ಹೋದೆ. ಜಗಳವಾಡಿದ್ದೇನೋ ನಿಜ, ಹಾಗೆಂದು ಆ ದಿನ ಅವಳನ್ನು ಒಂಟಿಯಾಗಿ ಬಿಡಲು ಮನಸ್ಸು ಒಪ್ಪಲಿಲ್ಲ. ಸಮಿತಿಯವರು ಬಂದಿದ್ದರು. ಸೊಸೆ ಎಲ್ಲರಿಗೂ ಕುರ್ಚಿ ಹಾಕಿಸುತ್ತಿದ್ದಳು. ನನ್ನನ್ನು ನೋಡಿ, "ಅಲ್ಲೇ ಬಾಗಿಲ ಹತ್ರ ನಿಂತ್ಕೋ, ಆಮೇಲೆ ಎಣಿಸ್ಕೊಳ್ತೀನಿ" ಅಂದಳು. ಒಳ್ಳೆಯದೇ ಆಯಿತು. ಜಡ್ಜರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅಕ್ಕ ಕೀಲಿ ಕೊಟ್ಟು, ಹೊತ್ತು ಹೇಳಿ, ಪುಸ್ತಕ ತೆರೆದಳು.

ಮೊದಲು ಅಡುಗೆಯವಳ ಕೊನೆಯ ಮಾತು. ಜನರ ತುಟಿಯಲ್ಲಿ ನಗು ಸಿದ್ಧವಾಗಿ ಕೂತಿತ್ತು. ಅಕ್ಕ ಅದನ್ನು ಬಸ್ ನಿಲ್ದಾಣದ ದನಿಯಲ್ಲಿ ಓದಿದಳು. ಒಂದು ಸುಕ್ಕಿಲ್ಲ. "ನಾನು ಅದನ್ನು ತೆಗೆದುಕೊಂಡಿಲ್ಲ. ತೆಗೆದುಕೊಂಡಿದ್ದರೆ ಮರುದಿನ ನಿಮಗೆ ರೊಟ್ಟಿ ಸುಡಲು ಬರುತ್ತಿರಲಿಲ್ಲ." ಇದನ್ನು ಅಮ್ಮ ಹೇಳಿಕೊಟ್ಟದ್ದೋ, ಪುಸ್ತಕದಲ್ಲೇ ಇತ್ತೋ, ನಾನು ಇವತ್ತಿನವರೆಗೂ ಕೇಳಿಲ್ಲ. ನಗು ತುಟಿಯಲ್ಲೇ ಇಂಗಿಹೋಯಿತು.

ಆಮೇಲೆ ಕಾದಂಬರಿಯ ನ್ಯಾಯಾಧೀಶನ ತೀರ್ಪು. ಅಕ್ಕ ಉಸಿರು ತೆಗೆದುಕೊಂಡಳು, ಕಾಲುವೆ ಆಚೆಯ ರಾಗದಲ್ಲಿ ಶುರು ಮಾಡಿದಳು. "ಈ ಹೆಂಗಸು ಕಳ್ಳೀ ಅಂತ ಈ ನ್ಯಾಯಾಲಯಕ್ಕೆ ಮನದಟ್ಟಾಗಿದೇ. ಸಾಕ್ಷಿ ಬೇಡಾ." ಒಂದೊಂದು ತುದಿಯನ್ನೂ ಎಳೆದು, ಪೀಪಾಯಿಯ ಸದ್ದಿನ ಮೇಲೆ ಕೂಗುವವಳಂತೆ. ಈಗಲೂ ಯಾರೂ ನಗಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಸಮಿತಿಯ ಒಬ್ಬಾಕೆ ಪಕ್ಕದವರ ಕಿವಿಯಲ್ಲಿ ಏನೋ ಅಂದಳು.

"ನಿಲ್ಸಿ" ಅಂದರು ಜಡ್ಜರು. "ತಪ್ಪು ಓದ್ತಿದೀರಿ. ಅದು ಜಡ್ಜಿನ ಮಾತು."

"ಹೌದು ಸಾರ್."

"ಆ ದನೀಲಿ ಹೇಳಿದ್ರೆ ಆ ಮಾತನ್ನ ಯಾರು ನಂಬ್ತಾರೆ?"

"ನಾನೂ ಅದನ್ನೇ ಯೋಚಿಸ್ತಿದ್ದೆ ಸಾರ್" ಅಂದಳು ಅಕ್ಕ.

ಜಡ್ಜರು ತಲೆ ಓರೆ ಮಾಡಿ ಕೂತರು. ಅವರು ಅಕ್ಕನ ಮಾತನ್ನು ಮತ್ತೆ ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ಅಷ್ಟು ದಿನ ಅಣಕ ಎಂದುಕೊಂಡದ್ದು ಅಣಕವಲ್ಲ ಎಂದು ಆ ಕಿವಿಗೆ ಆಗ ಹೊಳೆಯಿತು.

"ನೀನು ಎಲ್ಲಿಯವಳು?" ಅಂದರು. ಬಹುವಚನ ಅಲ್ಲೇ ಕಳಚಿಬಿತ್ತು.

"ಕಾಲುವೆ ಆಚೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬಾಗಿಲಿನಿಂದಲೇ ನಾಲ್ಕು ಮಾತು ವಾಪಸ್ಸು ಕೊಡುತ್ತಿದ್ದೆ, ನನಗೂ ಹಗುರಾಗುತ್ತಿತ್ತು. ಅವರ ಮುಖ ಎಂದಿನಂತೆ ಸೌಮ್ಯವಾಗಿಯೇ ಇತ್ತು. ಬಲಗೈ ಮಾತ್ರ ಮಡಿಲಿನಿಂದ ಎದ್ದು, ಮೇಜಿನ ಅಂಚು ಹಿಡಿದು, ತಡಕಾಡುತ್ತ ಮುಂದಕ್ಕೆ ಹೋಯಿತು. ಪುಸ್ತಕದ ಬೆನ್ನು ಮುಟ್ಟಿತು, ನೀರಿನ ಲೋಟ ಮುಟ್ಟಿತು. ಗಡಿಯಾರ ಸಿಕ್ಕಿತು. ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ಹಿಂದಿನ ದಿನ ನಾನೇ ಇಸ್ತ್ರಿ ಹಾಕಿ ಕೊಟ್ಟ ಜೇಬು ಅದು. ತಾವು ಅದನ್ನು ಮಾಡಿದ್ದು ಅವರಿಗೇ ಗೊತ್ತಿತ್ತೋ ಇಲ್ಲವೋ.

ಆ ಕೆಲಸ ಬೇರೆ ಯಾರಿಗೋ ಹೋಯಿತು. ಸೊಸೆ ಲಾಂಡ್ರಿಗೆ ಬಂದು, "ಓದೋದು ಅಷ್ಟು ಸಮ ಇರ್ಲಿಲ್ಲ ಅಂತ ಸಮಿತಿಯವರು ಅಂದ್ರು" ಎಂದಳು. ಅವಳ ಬಟ್ಟೆಗಳಿಗೆ ಈಗ ಬೇರೆ ಹುಡುಗಿ ಇಸ್ತ್ರಿ ಹಾಕುತ್ತಾಳೆ. ನಾನು ಹಾಕುವುದಿಲ್ಲ ಎಂದು ಮಾಲೀಕನಿಗೆ ಹೇಳಿಬಿಟ್ಟೆ. ಅಕ್ಕ ಕೊನೆಗೂ ಆ ಕಾರ್ಖಾನೆಯಲ್ಲೇ ತೊಗಲು ವಿಂಗಡಿಸುವ ಕೊಟ್ಟಿಗೆಗೆ ಸೇರಿದ್ದಾಳೆ. ಊಟದ ಬಿಡುವಿನಲ್ಲಿ ಹೆಂಗಸರು ಪತ್ರಿಕೆ ಕೊಟ್ಟು ಓದಿಸುತ್ತಾರಂತೆ. ಯಾವ ದನಿಯಲ್ಲಿ ಓದುತ್ತಾಳೆ ಎಂದು ನಾನು ಕೇಳಲಿಲ್ಲ.

ತೀರ್ಪು ಓದಿದ ದಿನ ಸಂಜೆ ಸೇತುವೆ ದಾಟುವಾಗ ನಾನು ದಾರಿಯುದ್ದಕ್ಕೂ ಆ ಮುದುಕನನ್ನು ಬೈಯುತ್ತಿದ್ದೆ. ಅವನ ಗಡಿಯಾರ ನಿಂತುಹೋಗಲಿ ಎಂದೆ. ಅಕ್ಕ ನಡುವೆ ತಡೆದಳು.

"ಅವರ ಕೈ ಗಡಿಯಾರ ಹುಡುಕ್ತಿದ್ದಾಗ ನೀನು ನನ್ನ ನೋಡಿದ್ಯಾ?"

"ಇಲ್ಲ. ನಾನು ಅವನನ್ನೇ ನೋಡ್ತಿದ್ದೆ."

"ಒಳ್ಳೇದಾಯ್ತು" ಅಂದಳು. ಸ್ವಲ್ಪ ದೂರ ನಡೆದು, ನಿಂತಳು. ಅವಳ ದನಿಯಲ್ಲಿ ಇಸ್ತ್ರಿ ಇರಲಿಲ್ಲ. "ನಾನು ಎರಡೂ ಕೈ ಎತ್ತಿ ಕೂತಿದ್ನೇ. ಬೆರಳು ಬಿಡಿಸ್ಕೊಂಡು. ಅವರು ಜೇಬಿನ ಗುಂಡಿ ಹಾಕೋವರ್ಗೂ. ಕಣ್ಣು ಕಾಣದವರ ಮುಂದೇ."